“ನನ್ನ ಮಗ ಅಂಥವನಲ್ಲ, ಮೇಡಂ”

ಈ ಸಲ ಬಂದ ಪತ್ರ, ಮೆಸೇಜುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ ಸುತ್ತ ಇದ್ದವು. ಹರೆಯದ ಮಕ್ಕಳು ಮೊಬೈಲಿನಲ್ಲಿ ಒಬ್ಬರನ್ನೊಬ್ಬರು ಗೋಳು ಹೊಯ್ದುಕೊಳ್ಳುವುದು. ಪೇಪರಿನವರು ಸೈಬರ್ ಬುಲ್ಲಿಯಿಂಗ್ ಅಂತ ಬರೆಯುತ್ತಾರಲ್ಲ, ಅದೇ. ಹಾಗಾಗಿ ಅತ್ತೆ-ಸೊಸೆ, ಮಾರ್ಕ್ಸು, ಮದುವೆ ಪ್ರಶ್ನೆಗಳೆಲ್ಲ ಮುಂದಿನ ಸಂಚಿಕೆಗೆ. ಹೆಸರು, ಊರು ತೆಗೆದಿದ್ದೇನೆ. ಒಂದೆರಡು ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ನನ್ನ ಮಗ ಒಂಬತ್ತನೇ ಕ್ಲಾಸು. ಮನೆಯಲ್ಲಿ ಬೆಣ್ಣೆಯಂಥ ಹುಡುಗ. ಬೀದಿನಾಯಿ ಮರಿ ಹಾಕಿದರೆ ಗೋಣಿಚೀಲ ಹಾಸಿ ಬರುತ್ತಾನೆ. ಅಜ್ಜಿಗೆ ಮಂಡಿನೋವು ಅಂದರೆ ತಾನೇ ಎಣ್ಣೆ ಬಿಸಿ ಮಾಡಿ ತಿಕ್ಕುತ್ತಾನೆ. ಹೋದ ವಾರ ಸ್ಕೂಲಿನಿಂದ ಫೋನ್ ಬಂತು. ಇವನ ಕ್ಲಾಸಿನಲ್ಲಿ ಮಾತು ತೊದಲುವ ಹುಡುಗನೊಬ್ಬ ಇದ್ದಾನೆ. ಅವನು ಆಗಸ್ಟ್ 15ಕ್ಕೆ ಭಾಷಣ ಮಾಡುವಾಗ ಯಾರೋ ವಿಡಿಯೊ ತೆಗೆದಿದ್ದಾರೆ. ಅದರಿಂದ ಅವನ ಮುಖ ಕತ್ತರಿಸಿ ವಾಟ್ಸಾಪ್ ಸ್ಟಿಕರ್ ಮಾಡಿದ್ದು ನನ್ನ ಮಗ. ಒಂದಲ್ಲ, ಹನ್ನೊಂದು. ಆ ಹುಡುಗ ನಾಲ್ಕು ದಿನದಿಂದ ಸ್ಕೂಲಿಗೆ ಬಂದಿಲ್ಲವಂತೆ. ಕೇಳಿದರೆ ಇವನು “ತಮಾಷೆಗೆ ಮಾಡಿದ್ದಮ್ಮ, ಎಲ್ಲರೂ ನಗ್ತಿದ್ರು, ಅವನೂ ಸ್ಮೈಲಿ ಹಾಕಿದ್ದ” ಅಂತಾನೆ. ನನ್ನ ಮಗ ಅಂಥವನಲ್ಲ, ಮೇಡಂ. ಕರುಣೆ ಇಲ್ಲದ ಮಗು ಅಲ್ಲ. ಮತ್ತೆ ಇದು ಹೇಗಾಯಿತು?

ಉತ್ತರ: ಮೊದಲು ಒಂದು ಕಹಿ ಮಾತು ಹೇಳಿಬಿಡುತ್ತೇನೆ. ‘ಅಂಥವನಲ್ಲ’ ಅನ್ನುವ ಮಾತನ್ನು ಸ್ವಲ್ಪ ದಿನ ಪಕ್ಕಕ್ಕಿಡಿ. ಹನ್ನೊಂದು ಸ್ಟಿಕರ್ ಮಾಡಿದವನು ಅವನೇ. ನಾಯಿಮರಿಗೆ ಗೋಣಿಚೀಲ ಹಾಸಿದವನೂ ಅವನೇ. ಒಂದನ್ನು ತೋರಿಸಿ ಇನ್ನೊಂದನ್ನು ಅಳಿಸಲು ಹೋಗಬೇಡಿ, ಅವನ ಮುಂದಂತೂ ಬೇಡವೇ ಬೇಡ.

ಮರಿ ಕುಂಯ್‌ಗುಟ್ಟಿದ್ದು ಅವನಿಗೆ ಕೇಳಿಸಿತು. ಅಜ್ಜಿ ಮಂಡಿ ಹಿಡಿದು ಕೂತದ್ದು ಕಣ್ಣಿಗೆ ಬಿತ್ತು. ಕರುಳು ಚುರುಕ್ ಅಂದಿತು, ಕೈ ಕೆಲಸಕ್ಕೆ ಹೋಯಿತು. ಆದರೆ ಆ ಹುಡುಗ ತನ್ನ ಮನೆಯ ಮಂಚದ ತುದಿಯಲ್ಲಿ ಕೂತು ಒಂದಾದ ಮೇಲೊಂದು ಸ್ಟಿಕರ್ ನೋಡಿದನಲ್ಲ, ಅದು ನಿಮ್ಮ ಮಗನಿಗೆ ಕಾಣಲೇ ಇಲ್ಲ. ಅವನಿಗೆ ಕಂಡಿದ್ದು ಒಂದು ಸ್ಮೈಲಿ. ಪಾಪ, ಆ ಹುಡುಗ ಸ್ಮೈಲಿ ಹಾಕದೆ ಇನ್ನೇನು ಹಾಕಬೇಕಿತ್ತು ಹೇಳಿ? ಅತ್ತರೆ ಅದಕ್ಕೂ ಒಂದು ಸ್ಟಿಕರ್ ಆಗುತ್ತದೆ ಅಂತ ಅವನಿಗೆ ಗೊತ್ತಿರುತ್ತದೆ.

ಎದುರೆದುರು ಆಡಲಾಗದ ಮಾತನ್ನು ಜನ ಇಂಟರ್‌ನೆಟ್‌ನಲ್ಲಿ ಯಾಕೆ ಇಷ್ಟು ಸಲೀಸಾಗಿ ಆಡುತ್ತಾರೆ ಅಂತ ಅಮೆರಿಕದ ಮನಃಶಾಸ್ತ್ರಜ್ಞ ಜಾನ್ ಸುಲರ್ 2004ರಲ್ಲೇ ಬರೆದಿದ್ದಾರೆ. ಆಗ ವಾಟ್ಸಾಪೂ ಇರಲಿಲ್ಲ, ಇನ್‌ಸ್ಟಾಗ್ರಾಮೂ ಇರಲಿಲ್ಲ. ಅವರು ಹೇಳಿದ ಕಾರಣಗಳಲ್ಲಿ ಕೆಲವು: ಹೆಸರು ಮರೆಸಿಕೊಳ್ಳಬಹುದು, ಒಬ್ಬರಿಗೊಬ್ಬರು ಕಾಣುವುದಿಲ್ಲ, ಉತ್ತರವನ್ನು ಆ ಕ್ಷಣಕ್ಕೇ ಎದುರಿಸಬೇಕಿಲ್ಲ, ಮತ್ತೆ ಇದೆಲ್ಲ ಬರೀ ಆಟ ಅನ್ನಿಸಿಬಿಡುತ್ತದೆ. ನಿಮ್ಮ ಮಗನ ವಿಷಯದಲ್ಲಿ ಮೊದಲನೆಯದು ಇಲ್ಲ, ಗ್ರೂಪಿನಲ್ಲಿ ಅವನ ಹೆಸರು ನಂಬರು ಎಲ್ಲರಿಗೂ ಗೊತ್ತಿತ್ತು. ಉಳಿದ ಮೂರೂ ಇದ್ದವು. ಸ್ಟಿಕರ್ ಅಂದಮೇಲೆ ಇನ್ನೂ ಒಂದು ಸೇರಿಕೊಳ್ಳುತ್ತದೆ. ಒಮ್ಮೆ ಮುಖ ಕತ್ತರಿಸಿ ಸ್ಟಿಕರ್ ಮಾಡಿದ ಮೇಲೆ ಅದು ಆ ಹುಡುಗ ಅಲ್ಲವೇ ಅಲ್ಲ. ‘ಓಕೆ’, ‘ಗುಡ್ ನೈಟ್’ ಥರ ಅದೂ ಒಂದು ಚಿತ್ರ. ಹೋಮ್‌ವರ್ಕ್ ಮುಗೀತಾ ಅಂತ ಯಾರಾದರೂ ಕೇಳಿದರೆ ಅದಕ್ಕೂ ಆ ಮುಖವೇ ಉತ್ತರ.

ನನ್ನದೇ ಒಂದು ಕತೆ ಹೇಳುತ್ತೇನೆ, ಹೇಳಲು ನಾಚಿಕೆಯಾಗುತ್ತದೆ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಜೊತೆ ಒಬ್ಬಳು ತಲೆತುಂಬ ಎಣ್ಣೆ ಹಚ್ಚಿಕೊಂಡು ಬರುತ್ತಿದ್ದಳು, ಜಡೆಯಿಂದ ಯೂನಿಫಾರಂ ಬೆನ್ನಿನವರೆಗೂ ಇಳಿಯುತ್ತಿತ್ತು. ಅವಳಿಗೆ ನಾವು ‘ಗಾಣ’ ಅಂತ ಹೆಸರಿಟ್ಟಿದ್ದೆವು. ಹೆಸರಿಟ್ಟವರಲ್ಲಿ ನಾನೂ ಒಬ್ಬಳು, ಬಹುಶಃ ನಾನೇ ಮೊದಲನೆಯವಳು. ಎರಡು ತಿಂಗಳು ನಡೆಯಿತು. ಒಂದು ದಿನ ಊಟದ ಬಿಡುವಿನಲ್ಲಿ ನೀರಿನ ಟ್ಯಾಂಕಿನ ಹಿಂದೆ ಹೋದರೆ, ಅವಳು ಡಬ್ಬಿ ತೆಗೆದು ತೊಡೆಯ ಮೇಲಿಟ್ಟುಕೊಂಡು, ಉಣ್ಣದೆ, ಕರ್ಚೀಫಿನಿಂದ ತಲೆ ಒರೆಸಿಕೊಳ್ಳುತ್ತಾ ಕೂತಿದ್ದಳು. ನಾವು ಮೂವರೂ ಮಾತಾಡದೆ ವಾಪಸ್ ಬಂದೆವು. ಮಾರನೇ ದಿನದಿಂದ ಆ ಹೆಸರು ನಮ್ಮ ಬಾಯಿಗೆ ಬರಲಿಲ್ಲ. ರಾತ್ರೋರಾತ್ರಿ ನಾವು ಒಳ್ಳೆಯವರಾದೆವು ಅಂತೇನೂ ಅಲ್ಲ, ಕಂಡುಬಿಟ್ಟಿತ್ತು, ಅಷ್ಟೇ. ಆ ಕಾಲದಲ್ಲಿ ಮೊಬೈಲ್ ಇದ್ದಿದ್ದರೆ ಅವಳು ಮನೆಯಲ್ಲಿ ಕೂತು ತಲೆ ಒರೆಸಿಕೊಳ್ಳುತ್ತಿದ್ದಳು, ನಮಗೆ ಕಾಣುತ್ತಲೇ ಇರಲಿಲ್ಲ. ನಾವು ಇನ್ನೂ ಆರು ತಿಂಗಳು ನಗುತ್ತಿದ್ದೆವು.

ಇನ್ನು ಒಂದು ವಿಷಯ. ‘ಕರುಣೆ’ ಅಂತ ನಾವು ಒಂದೇ ಮಾತಿನಲ್ಲಿ ಹೇಳಿಬಿಡುತ್ತೇವೆ, ಅದರಲ್ಲಿ ಎರಡಿವೆ. ಇನ್ನೊಬ್ಬರ ನೋವು ನಮಗೂ ತಾಕುವುದು ಒಂದು. ಅವರ ಜಾಗದಲ್ಲಿ ನಿಂತು ‘ಈಗ ಅವರಿಗೆ ಏನನ್ನಿಸುತ್ತಿರಬಹುದು’ ಅಂತ ಯೋಚಿಸಿ ತಿಳಿಯುವುದು ಇನ್ನೊಂದು. ಸಿಂಗಪುರದಲ್ಲಿ ರೆಬೆಕಾ ಆಂಗ್ ಮತ್ತು ಡಿಯಾನ್ ಗೋ ಅನ್ನುವ ಇಬ್ಬರು ಸಂಶೋಧಕರು 12ರಿಂದ 18 ವರ್ಷದ 396 ಮಕ್ಕಳನ್ನು ಕೇಳಿ ನೋಡಿ 2010ರಲ್ಲಿ ಪ್ರಕಟಿಸಿದರು. ಎರಡೂ ಕಡಿಮೆ ಇರುವ ಮಕ್ಕಳು, ಹುಡುಗರಾಗಲಿ ಹುಡುಗಿಯರಾಗಲಿ, ಆನ್‌ಲೈನಿನಲ್ಲಿ ಬೇರೆಯವರನ್ನು ಕಾಡುವುದು ಜಾಸ್ತಿ. ಇದು ಯಾರೂ ಊಹಿಸಬಹುದಾದದ್ದೇ. ಕುತೂಹಲದ ಸಂಗತಿ ಮುಂದಿದೆ. ಮೊದಲನೆಯದು, ಅಂದರೆ ನೋವು ತಾಕುವ ಗುಣ, ಚೆನ್ನಾಗಿಯೇ ಇರುವ ಮಕ್ಕಳಲ್ಲಿ ಹುಡುಗಿಯರಿಗೆ ಎರಡನೆಯದು ಕಡಿಮೆಯಿದ್ದರೂ ಅಷ್ಟೇನೂ ವ್ಯತ್ಯಾಸ ಕಾಣಲಿಲ್ಲ. ಹುಡುಗರಲ್ಲಿ ಕಂಡಿತು. ಮನಸ್ಸು ಮೃದುವಾಗಿದ್ದರೂ ಇನ್ನೊಬ್ಬರ ಜಾಗದಲ್ಲಿ ನಿಂತು ಯೋಚಿಸಲು ಬಾರದ ಹುಡುಗರು ಕಾಡುವುದರಲ್ಲಿ ಮುಂದಿದ್ದರು. ಒಂದು ದೇಶದ ಒಂದು ಅಧ್ಯಯನ ಇದು, ಎಲ್ಲ ಹುಡುಗರ ಹಣೆಗೂ ಅಂಟಿಸಬೇಡಿ. ಆದರೆ ನಿಮ್ಮ ಪತ್ರ ಓದುವಾಗ ನನಗೆ ಅದೇ ನೆನಪಾಯಿತು. ಬೆಣ್ಣೆ ಮನಸ್ಸು ಇದೆ. ಕಾಣದವರ ಕಡೆಗೆ ಅದನ್ನು ತಿರುಗಿಸುವ ಅಭ್ಯಾಸ ಇನ್ನೂ ಆಗಿಲ್ಲ.

ಅದು ಕಲಿಸಬಹುದಾದ ವಿಷಯ. ಏಟು ಕೊಟ್ಟಲ್ಲ. ‘ನಾಲ್ಕು ಬಾರಿಸಿ, ಮೊಬೈಲ್ ಕಿತ್ಕೊಳ್ಳಿ’ ಅಂತ ಈಗಾಗಲೇ ಮಾವನೋ ಚಿಕ್ಕಪ್ಪನೋ ಹೇಳಿರುತ್ತಾರೆ. ಬಾರಿಸಿದರೆ ಅವನ ಮರುಕವೆಲ್ಲ ತನ್ನ ಮೇಲೆಯೇ ತಿರುಗುತ್ತದೆ, ‘ಒಂದು ಸ್ಟಿಕರ್‌ಗೆ ಇಷ್ಟೊಂದಾ’ ಅಂತ. ಮಕ್ಕಳ ಕರುಣೆಯ ಬಗ್ಗೆಯೇ ಕೆಲಸ ಮಾಡಿದ ಮಾರ್ಟಿನ್ ಹಾಫ್‌ಮನ್ ಅನ್ನುವ ಮನಃಶಾಸ್ತ್ರಜ್ಞರು ಇದನ್ನೇ ಹೇಳುತ್ತಿದ್ದರು: ಗದರಿಸಿ ಹೆದರಿಸಿದರೆ ಮಗು ತನಗಾಗುವ ಶಿಕ್ಷೆಯ ಬಗ್ಗೆ ಯೋಚಿಸುತ್ತದೆ, ನೀನು ಮಾಡಿದ್ದರಿಂದ ಅವನಿಗೆ ಹೀಗಾಯಿತು ಅಂತ ತೋರಿಸಿಕೊಟ್ಟರೆ ಅವನ ಬಗ್ಗೆ ಯೋಚಿಸುತ್ತದೆ.

ಹಾಗಾಗಿ ಒಂದು ಸಂಜೆ ಟಿವಿ ಆರಿಸಿ ಅವನ ಪಕ್ಕ ಕೂತುಕೊಳ್ಳಿ. ಭಾಷಣ ಬೇಡ, ಪ್ರಶ್ನೆ ಕೇಳಿ. ಆ ಹುಡುಗ ಮೊದಲನೇ ಸ್ಟಿಕರ್ ನೋಡಿದಾಗ ಎಲ್ಲಿದ್ದ ಅನ್ನಿಸುತ್ತೆ? ಪಕ್ಕದಲ್ಲಿ ಅವನ ತಂಗಿಯೋ ಅಮ್ಮನೋ ಇದ್ದರಾ? ಯಾರದು ಮೆಸೇಜು ಅಂತ ಅವರು ಕೇಳಿದಾಗ ಏನು ಹೇಳಿರಬಹುದು? ಅಷ್ಟು ತೊದಲುವವನು ಆಗಸ್ಟ್ 15ಕ್ಕೆ ಮೈಕ್ ಮುಂದೆ ನಿಲ್ಲಲು ಒಪ್ಪಿಕೊಳ್ಳುವ ಮುಂಚೆ ಎಷ್ಟು ದಿನ ಯೋಚಿಸಿರಬಹುದು? ಈ ಕೊನೆಯ ಪ್ರಶ್ನೆಯನ್ನು ಮಾತ್ರ ಮರೆಯಬೇಡಿ. ಉತ್ತರ ಬರದಿದ್ದರೂ ಪರವಾಗಿಲ್ಲ, ನೀವೇ ಉತ್ತರ ತುಂಬಬೇಡಿ. ಸುಮ್ಮನಿರಿ.

ಆಮೇಲೆ ರಿಪೇರಿ ಕೆಲಸ. ಗ್ರೂಪಿನಲ್ಲಿ “ಅದು ಮಾಡಿದ್ದು ನಾನು, ತಪ್ಪಾಯ್ತು, ಎಲ್ಲರೂ ಡಿಲೀಟ್ ಮಾಡಿ” ಅಂತ ಅವನೇ ಬರೆಯಬೇಕು, ನೀವು ಹೇಳಿಕೊಟ್ಟು ಬರೆಸಬಾರದು. ಒಬ್ಬೊಬ್ಬರಿಗೂ ಬೇರೆಯಾಗಿ ಹೇಳಿ ಅಳಿಸುವಂತೆ ಕೇಳಿಕೊಳ್ಳಬೇಕು, ಅದು ಸುಲಭ ಅಲ್ಲ, ಮುಜುಗರ ಆಗುತ್ತದೆ, ಆಗಲಿ. ಆ ಹುಡುಗನ ಮನೆಗೆ ಮಾತ್ರ ಏಕಾಏಕಿ ನುಗ್ಗಬೇಡಿ. ಮೊದಲು ಅವನ ಅಪ್ಪ ಅಮ್ಮನಿಗೆ ಫೋನ್ ಮಾಡಿ, ಬರಬಹುದಾ ಅಂತ ಕೇಳಿ. ಅವರು ಬೇಡ ಅಂದರೆ ಬೇಡ. ನಮ್ಮ ಮಗನ ಮನಸ್ಸು ಹಗುರ ಮಾಡುವುದು ಆ ಹುಡುಗನ ಕೆಲಸ ಅಲ್ಲವಲ್ಲ.

ಪ್ರಶ್ನೆ: ಅಕ್ಕಾ, ನಾನು ಫಸ್ಟ್ ಪಿಯುಸಿ. ನಮ್ಮ ಕಾಲೇಜಿನ ಹೆಸರಲ್ಲಿ ಇನ್‌ಸ್ಟಾದಲ್ಲಿ ಒಂದು ಕನ್ಫೆಶನ್ ಪೇಜ್ (ಹೆಸರು ಹೇಳದೆ ಬರೆದು ಕಳಿಸಿದ್ದನ್ನ ಹಾಕೋ ಪೇಜ್) ಇದೆ, ಅಡ್ಮಿನ್ ಯಾರು ಅಂತ ಯಾರಿಗೂ ಗೊತ್ತಿಲ್ಲ. ಅದರಲ್ಲಿ ನಮ್ಮ ಸೆಕ್ಷನ್‌ನ ಹುಡುಗಿಯೊಬ್ಬಳ ಬಗ್ಗೆ ತುಂಬಾ ಕೆಟ್ಟದಾಗಿ ಹಾಕಿದ್ದರು. ನಾನು ಲೈಕ್ ಕೊಟ್ಟಿಲ್ಲ, ಕಾಮೆಂಟ್ ಹಾಕಿಲ್ಲ, ಸುಮ್ನೆ ನೋಡಿದೆ. ಈಗ ಅವಳು ಕ್ಯಾಂಟೀನಿಗೇ ಬರಲ್ಲ. ನನಗೆ ಅವಳ ಮುಖ ನೋಡೋಕಾಗ್ತಿಲ್ಲ. ನಾನೂ ತಪ್ಪು ಮಾಡಿದ ಹಾಗಾ?

ಉತ್ತರ: ನಿದ್ದೆ ಕೆಡಿಸಿಕೊಳ್ಳುವಷ್ಟು ತಪ್ಪಿಲ್ಲ ಪುಟ್ಟಾ. ಆದರೆ ಏನೂ ಮಾಡಿಲ್ಲ ಅಂತ ಕೈ ತೊಳೆದುಕೊಳ್ಳಲೂ ಬರುವುದಿಲ್ಲ.

1968ರಲ್ಲಿ ಜಾನ್ ಡಾರ್ಲಿ, ಬಿಬ್ ಲತಾನೆ ಅನ್ನುವ ಇಬ್ಬರು ಮನಃಶಾಸ್ತ್ರಜ್ಞರು ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದರು. ಕಾಲೇಜು ಹುಡುಗ ಹುಡುಗಿಯರನ್ನು ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ಇಂಟರ್‌ಕಾಮ್‌ನಲ್ಲಿ ಮಾತಾಡಿಸಿದರು. ಮುಖ ಯಾರದೂ ಕಾಣದು, ಒಂಥರಾ ನಿಮ್ಮ ಗ್ರೂಪ್ ಇದ್ದಹಾಗೆ. ನಡುವೆ ಒಬ್ಬನಿಗೆ ಫಿಟ್ಸ್ ಬಂದಂತೆ ದನಿ ಕೇಳಿಸುತ್ತದೆ (ನಿಜಕ್ಕೂ ಬಂದದ್ದಲ್ಲ, ರೆಕಾರ್ಡ್ ಮಾಡಿಟ್ಟದ್ದು). ‘ಇದನ್ನು ಕೇಳುತ್ತಿರುವುದು ನಾನೊಬ್ಬಳೇ’ ಅಂದುಕೊಂಡವರಲ್ಲಿ 85 ಶೇಕಡಾ ಜನ ಎದ್ದು ಸಹಾಯಕ್ಕೆ ಹೋದರು. ಇನ್ನೂ ನಾಲ್ಕು ಜನ ಕೇಳುತ್ತಿದ್ದಾರೆ ಅಂದುಕೊಂಡವರಲ್ಲಿ ಹೋದವರು 31 ಶೇಕಡಾ. ಉಳಿದವರು ಕಲ್ಲುಮನಸ್ಸಿನವರು ಅಂದುಕೋಬೇಡ. ಆಮೇಲೆ ಪ್ರಯೋಗ ಮಾಡುವವರು ಒಳಗೆ ಹೋದಾಗ ಅವರಲ್ಲಿ ಹಲವರ ಕೈ ನಡುಗುತ್ತಿತ್ತು, ಅಂಗೈ ಬೆವತಿತ್ತು, ‘ಅವನು ಚೆನ್ನಾಗಿದ್ದಾನಾ’ ಅಂತ ಅವರೇ ಮೊದಲು ಕೇಳಿದರು. ಕಾಳಜಿ ಇತ್ತು. ಕುರ್ಚಿ ಬಿಟ್ಟು ಏಳಲಿಲ್ಲ, ಅಷ್ಟೇ. ನಿನಗೆ ಆಗಿರುವುದೂ ಅದೇ. ನಿಮ್ಮ ಪೇಜನ್ನು ಎಷ್ಟು ಜನ ಫಾಲೋ ಮಾಡುತ್ತಾರೆ? ನಾಲ್ಕು ಜನಕ್ಕೇ ಹೀಗಾದರೆ ನಾನೂರು ಜನ ಇರುವ ಕಡೆ ‘ಬೇರೆ ಯಾರಾದರೂ ಮಾತಾಡುತ್ತಾರೆ’ ಅಂತ ಎಲ್ಲರಿಗೂ ಅನ್ನಿಸುವುದು ಸಹಜ.

ಇನ್ನು ಅವಳ ಕಡೆಯಿಂದ ನೋಡು. ಅವಳಿಗೆ ಯಾರು ಬೇಜಾರು ಮಾಡಿಕೊಂಡು ನೋಡಿದರು, ಯಾರು ನಕ್ಕು ನೋಡಿದರು ಅಂತ ಗೊತ್ತಾಗುವುದಿಲ್ಲ. ಕ್ಯಾಂಟೀನಿನಲ್ಲಿ ಕೂತ ಪ್ರತಿಯೊಬ್ಬರೂ ಅದನ್ನು ಓದಿದವರೇ ಅನ್ನಿಸುತ್ತದೆ. ನಿನ್ನ ಮೌನ ಅವಳಿಗೆ ನಗುವಿನ ಹಾಗೇ ಕೇಳಿಸುತ್ತದೆ.

ಕಾಮೆಂಟಿನಲ್ಲಿ ಜಗಳಕ್ಕೆ ಹೋಗಬೇಡ. ಅಲ್ಲಿ ಮಾತು ಬೆಳೆದಷ್ಟೂ ಪೋಸ್ಟ್ ಇನ್ನಷ್ಟು ಜನರ ಮುಂದೆ ಹೋಗುತ್ತದೆ. ಪೋಸ್ಟನ್ನು, ಪೇಜನ್ನು ಎರಡನ್ನೂ ರಿಪೋರ್ಟ್ ಮಾಡು, ನಿನ್ನ ಹೆಸರು ಅವರಿಗೆ ಗೊತ್ತಾಗುವುದಿಲ್ಲ. ಆಮೇಲೆ ಅವಳಿಗೊಂದು ಮೆಸೇಜ್ ಹಾಕು, ದೊಡ್ಡದಾಗಿ ಬೇಡ. “ಆ ಪೋಸ್ಟ್ ನೋಡ್ದೆ. ನಾನು ಅದನ್ನ ನಂಬಲ್ಲ. ನಾಳೆ ಕ್ಯಾಂಟೀನಿಗೆ ನನ್ ಜೊತೆ ಬರ್ತೀಯಾ?” ಇಷ್ಟು ಸಾಕು. ಬರಲ್ಲ ಅಂದರೆ ಎರಡು ದಿನ ಬಿಟ್ಟು ಮತ್ತೆ ಕೇಳು. ಅವಳು ‘ಬದುಕೋದೇ ಬೇಡ’ ಅನ್ನುವ ಥರ ಏನಾದರೂ ಹೇಳಿದರೆ ಮಾತ್ರ ಗುಟ್ಟು ಗಿಟ್ಟು ಅಂತ ನೋಡಬೇಡ, ಅವತ್ತೇ ನಿಮ್ಮ ಲೆಕ್ಚರರಿಗೋ ಅವಳ ಮನೆಯವರಿಗೋ ಹೇಳಿಬಿಡು. ಟೆಲಿ ಮಾನಸ್ ಅಂತ ಸರಕಾರದ ಸಹಾಯವಾಣಿ ಇದೆ, 14416. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಪ್ರಶ್ನೆ: ಫ್ರೆಂಡ್ಸ್ ನಡುವೆ ಕಾಲೆಳೆಯೋದೂ ಸೈಬರ್ ಬುಲ್ಲಿಯಿಂಗಾ ಮೇಡಂ? ನಮ್ ಗ್ಯಾಂಗಲ್ಲಿ ಎಲ್ರೂ ಎಲ್ರನ್ನೂ ರೋಸ್ಟ್ ಮಾಡ್ತೀವಿ. ಈಗ ಏನಂದ್ರೂ ‘ಹರ್ಟ್ ಆಯ್ತು’ ಅಂತಾರೆ. ನಗೋದೇ ಬೇಡ್ವಾ?

ಉತ್ತರ: ನಗು ತಮ್ಮಾ, ಯಾರು ಬೇಡ ಅಂದರು? ಕಾಲೆಳೆಯದ ಗೆಳೆತನ ಉಪ್ಪಿಲ್ಲದ ಸಾರು.

ಗೋಳು ಹೊಯ್ದುಕೊಳ್ಳುವುದರ ಬಗ್ಗೆ ಮೊದಮೊದಲು ಸರಿಯಾಗಿ ಅಧ್ಯಯನ ಮಾಡಿದವರಲ್ಲಿ ಡಾನ್ ಓಲ್ವಿಯಸ್ ಒಬ್ಬರು, ನಾರ್ವೆಯಲ್ಲಿ ಇದ್ದವರು. ಅವರು ಮೂರು ಗುರುತು ಹೇಳಿದರು: ಬೇಕಂತಲೇ ನೋಯಿಸುವುದು, ಮತ್ತೆ ಮತ್ತೆ ಮಾಡುವುದು, ಎದುರಿನವನು ತಿರುಗಿಸಿ ಕೊಡುವ ಸ್ಥಿತಿಯಲ್ಲಿ ಇಲ್ಲದಿರುವುದು. ಮೊಬೈಲಿಗೆ ಬಂದರೆ ಎರಡನೆಯದು ಸ್ವಲ್ಪ ಬದಲಾಗುತ್ತದೆ. ನೀನು ಒಂದೇ ಸಲ ಹಾಕಿರುತ್ತೀಯಾ, ಫಾರ್ವರ್ಡ್ ಆಗಿ ಆಗಿ ಅವನಿಗೆ ಐವತ್ತು ಸಲ ಬರುತ್ತದೆ.

ನಿಮ್ಮ ಗ್ಯಾಂಗಿಗೆ ನನ್ನದೊಂದು ಪರೀಕ್ಷೆ. ಹಿಂದಿನ ತಿಂಗಳ ಚಾಟ್ ಮೇಲಕ್ಕೆ ಸರಿಸಿ ನೋಡು. ಸರದಿ ಎಲ್ಲರಿಗೂ ಬಂದಿದೆಯಾ, ಇಲ್ಲ ಒಬ್ಬನೇ ಸಿಕ್ಕಿಬಿದ್ದಿದ್ದಾನಾ? ಅವನು ನಿನ್ನನ್ನು ರೋಸ್ಟ್ ಮಾಡಿದಾಗ ಉಳಿದವರು ನಕ್ಕರಾ, ಅಥವಾ ಅವನ ಬಾಯೇ ಮುಚ್ಚಿಸಿದಿರಾ? ಒಬ್ಬನೇ ಸಿಕ್ಕಿದ್ದಾನೆ ಅಂದರೆ, ಬೆಕ್ಕಿಗೆ ಚೆಲ್ಲಾಟ ಇಲಿಗೆ ಪ್ರಾಣಸಂಕಟ ಅಂತಾರಲ್ಲ, ಅದು ನಡೀತಿದೆ. ಮೈಬಣ್ಣ, ಜಾತಿ, ಮನೆಯ ಬಡತನ, ಅಪ್ಪನ ಕುಡಿತ, ಇವು ಯಾವ ಗ್ಯಾಂಗಿನಲ್ಲೂ ತಮಾಷೆ ಅಲ್ಲ. ಅದಕ್ಕೆ ಪರೀಕ್ಷೆಯೂ ಬೇಡ.

ಪ್ರಶ್ನೆ: ನಾನು ಎಸ್ಸೆಸ್ಸೆಲ್ಸಿ. ನನ್ನ ಬೆಸ್ಟ್ ಫ್ರೆಂಡ್ ಆಗಿದ್ದವಳು ಈಗ ಬೇರೆ ಗುಂಪಿಗೆ ಸೇರಿದ್ದಾಳೆ. ಅವಳಿಗೆ ನನ್ನದೆಲ್ಲ ಗೊತ್ತು, ಅಪ್ಪ ಅಮ್ಮ ಬೇರೆಯಾಗಿದ್ದು, ನಾನು ಅತ್ತಿದ್ದು ಎಲ್ಲ. ಅದನ್ನೇ ಒಂದೊಂದಾಗಿ ಸ್ಟೇಟಸ್‌ನಲ್ಲಿ ಹಾಕ್ತಾಳೆ, ಹೆಸರು ಹಾಕಲ್ಲ, ಆದ್ರೆ ಎಲ್ಲರಿಗೂ ಗೊತ್ತಾಗುತ್ತೆ. ಅವಳಷ್ಟು ನನ್ನನ್ನ ಅರ್ಥ ಮಾಡ್ಕೊಂಡವರು ಯಾರೂ ಇರಲಿಲ್ಲ. ಅವಳೇ ಹೇಗೆ ಹೀಗೆ ಮಾಡ್ತಾಳೆ?

ಉತ್ತರ: ಅರ್ಥ ಮಾಡಿಕೊಂಡಿದ್ದಕ್ಕೇ ಮಾಡಲು ಆಗುತ್ತಿದೆ ಕಂದಾ. ಮೊದಲನೇ ಪತ್ರಕ್ಕೆ ಬರೆದ ಉತ್ತರದಲ್ಲಿ ಕರುಣೆಯಲ್ಲಿ ಎರಡಿವೆ ಅಂದೆನಲ್ಲ. ಆ ಹುಡುಗನಿಗೆ ಮನಸ್ಸು ಇತ್ತು, ತಿಳಿವಳಿಕೆ ಸಾಲದು. ಇವಳದು ತಿರುಗಾಮುರುಗಾ. ನಿನಗೆ ಏನನ್ನಿಸುತ್ತದೆ ಅಂತ ಚೆನ್ನಾಗಿ ಗೊತ್ತು, ಈಗ ಅದು ಅವಳಿಗೆ ತಾಕುತ್ತಿಲ್ಲ. ಎಲ್ಲಿ ಒತ್ತಿದರೆ ನೋಯುತ್ತದೆ ಅನ್ನುವುದು ಡಾಕ್ಟರಿಗೂ ಗೊತ್ತು, ಕುಸ್ತಿ ಪೈಲ್ವಾನನಿಗೂ ಗೊತ್ತು.

ಅವಳು ಯಾವತ್ತೂ ಕೆಟ್ಟವಳೇ ಆಗಿದ್ದಳು ಅಂತ ಹಳೆಯ ದಿನಗಳನ್ನೆಲ್ಲ ಅಳಿಸಬೇಡ. ಹೊಸ ಗುಂಪಿಗೆ ಸೇರಿದವರಿಗೆ ತಮ್ಮ ನಿಷ್ಠೆ ತೋರಿಸುವ ಅವಸರ ಇರುತ್ತದೆ, ಕೈಯಲ್ಲಿ ಬೇರೇನೂ ಇರುವುದಿಲ್ಲ, ನಿನ್ನ ಗುಟ್ಟುಗಳಿರುತ್ತವೆ. ಕಾರಣ ಗೊತ್ತಾಯಿತು ಅಂತ ಸಹಿಸಿಕೊಂಡಿರಬೇಕು ಅಂತಲೂ ಅಲ್ಲ. ಅವಳ ಸ್ಟೇಟಸ್ ನೋಡುವುದನ್ನು ಇವತ್ತೇ ನಿಲ್ಲಿಸು. ಅವಳನ್ನು ಮ್ಯೂಟ್ ಮಾಡು, ಬ್ಲಾಕ್ ಮಾಡಿದರೂ ಸರಿ. ನೀನು ನೋಡಿದೆ ಅನ್ನುವುದು ಅವಳಿಗೆ ಕಾಣುತ್ತದೆ, ಅದಕ್ಕೇ ಹಾಕುತ್ತಿದ್ದಾಳೆ. ಅವಳ ಗುಟ್ಟೂ ನಿನಗೆ ಗೊತ್ತಿರುತ್ತದೆ, ಹಾಕಬೇಡ. ಎಷ್ಟು ಕೈ ತುರಿಸಿದರೂ ಹಾಕಬೇಡ. ಅಮ್ಮನಿಗೆ ಹೇಳು. ಅಪ್ಪ ಅಮ್ಮನ ವಿಷಯವೇ ಆದ್ದರಿಂದ ಅಮ್ಮನಿಗೆ ಹೇಗೆ ಹೇಳಲಿ ಅಂತ ನೀನು ಒಳಗೇ ಇಟ್ಟುಕೊಂಡಿದ್ದೀಯಾ ಅಂತ ನನ್ನ ಗುಮಾನಿ.

ಪ್ರಶ್ನೆ: ನನ್ನ ಮಗಳಿಗೆ 16 ವರ್ಷ. ಅವಳ ಮುಖವನ್ನು ಬೇರೆ ಯಾರದೋ ಬೆತ್ತಲೆ ಫೋಟೊಗೆ ಅಂಟಿಸಿ ಫೇಕ್ ಅಕೌಂಟಿನಲ್ಲಿ ಹಾಕಿದ್ದಾರೆ. ಅವಳದೇ ಟ್ಯೂಷನ್‌ನ ಹುಡುಗರು ಅಂತ ಅನುಮಾನ. ಪೊಲೀಸರ ಹತ್ತಿರ ಹೋದರೆ ಹೆಸರು ಬೀದಿಗೆ ಬರುತ್ತದೆ ಅಂತ ಮನೆಯವರು ಹೆದರುತ್ತಾರೆ.

ಉತ್ತರ: ಇಲ್ಲಿ ಕರುಣೆ, ಮನಃಶಾಸ್ತ್ರ ಎಲ್ಲ ಆಮೇಲೆ. ಸರ್, ಮೊದಲು ಮಗಳ ಹತ್ತಿರ ಹೋಗಿ ‘ನಿನ್ನ ತಪ್ಪು ಏನೂ ಇಲ್ಲ’ ಅಂತ ಬಾಯಿಬಿಟ್ಟು ಹೇಳಿ. ಫೋಟೊ ಯಾಕೆ ಹಾಕಿಕೊಂಡಿದ್ದೆ ಅಂತ ಕೇಳಬೇಡಿ.

ಆ ಅಕೌಂಟಿನ ಹೆಸರು, ಲಿಂಕು, ನೋಡಿದ ದಿನ, ಹೊತ್ತು ಬರೆದಿಟ್ಟುಕೊಳ್ಳಿ. ಆ ಚಿತ್ರವನ್ನು ಮಾತ್ರ ಯಾರಿಗೂ, ನೆಂಟರಿಗೂ, ಸಾಕ್ಷಿಗೆ ಅಂತಲೂ ಫಾರ್ವರ್ಡ್ ಮಾಡಬೇಡಿ. 18 ವರ್ಷದೊಳಗಿನವರ ಇಂಥ ಚಿತ್ರ ಹಂಚುವುದೇ ಅಪರಾಧ. ಆ್ಯಪಿನಲ್ಲೇ ರಿಪೋರ್ಟ್ ಮಾಡಿ. ‘ಟೇಕ್ ಇಟ್ ಡೌನ್’ ಅಂತ ಒಂದು ಉಚಿತ ಸೇವೆ ಇದೆ, 18 ತುಂಬುವ ಮುಂಚಿನ ಚಿತ್ರಗಳಿಗೆ. ಚಿತ್ರ ನಿಮ್ಮ ಫೋನ್ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ, ಅದರದೊಂದು ಗುರುತಿನ ಸಂಖ್ಯೆ ಮಾತ್ರ ಹೋಗುತ್ತದೆ, ಇನ್‌ಸ್ಟಾಗ್ರಾಮ್, ಫೇಸ್‌ಬುಕ್‌ನಂಥವರು ಅದನ್ನಿಟ್ಟುಕೊಂಡು ಹುಡುಕಿ ತೆಗೆಯುತ್ತಾರೆ.

ದೂರು ಕೊಡಿ. ಐಟಿ ಕಾಯ್ದೆಯ 67ಬಿ ಕಲಂ, 2012ರ ಪೋಕ್ಸೊ ಕಾಯ್ದೆ ಇಂಥದ್ದಕ್ಕೇ ಇರುವುದು. ಪೋಕ್ಸೊದಲ್ಲಿ ಮಗುವಿನ ಹೆಸರು, ಮನೆ, ಶಾಲೆ ಯಾವುದನ್ನೂ ಮಾಧ್ಯಮಗಳು ಹೊರಹಾಕುವಂತಿಲ್ಲ, ಮನೆಯವರಿಗೆ ಇದನ್ನು ಓದಿ ಹೇಳಿ. ನಮ್ಮ ಜಿಲ್ಲೆಗಳಲ್ಲಿ ಸೆನ್ ಅಂತ ಕರೆಯುವ ಸೈಬರ್ ಠಾಣೆಗಳಿವೆ. ಠಾಣೆಗೆ ಹೋಗುವ ಮುಂಚೆ ಧೈರ್ಯ ಬೇಕು ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098, ಸೈಬರ್ ಸಹಾಯವಾಣಿ 1930. ಕೇಂದ್ರದ ಸೈಬರ್ ಕ್ರೈಮ್ ಪೋರ್ಟಲಿನಲ್ಲಿ ಹೆಂಗಸರ, ಮಕ್ಕಳ ದೂರಿಗೆ ಬೇರೆಯೇ ವಿಭಾಗ ಇದೆ, ಅಲ್ಲಿ ಹೆಸರು ಹೇಳದೆಯೂ ದೂರು ಹಾಕಬಹುದು. ಮಾಡಿದವರು 18 ತುಂಬದ ಹುಡುಗರೇ ಆಗಿದ್ದರೆ ಅವರ ವಿಚಾರ ಬಾಲ ನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ. ‘ಪಾಪ, ಅವರ ಭವಿಷ್ಯ ಹಾಳಾಗುತ್ತೆ, ಬಿಟ್ಟುಬಿಡಿ’ ಅಂತ ಟ್ಯೂಷನ್ ನಡೆಸುವವರು ಬರುತ್ತಾರೆ, ಬಂದೇ ಬರುತ್ತಾರೆ. ಈ ‘ಪಾಪ’ ನಿಮ್ಮ ಮಗಳ ಕಡೆಗೂ ಒಮ್ಮೆ ತಿರುಗಲಿ ಅಂತ ಅವರಿಗೆ ಹೇಳಿ.

ಪ್ರಶ್ನೆ: ಸರಕಾರಿ ಹೈಸ್ಕೂಲಿನ ಕನ್ನಡ ಮೇಷ್ಟ್ರು ನಾನು. ಸೈಬರ್ ಜಾಗೃತಿ ಅಂತ ವರ್ಷಕ್ಕೊಮ್ಮೆ ಯಾರಾದರೂ ಬಂದು ಒಂದು ಗಂಟೆ ಮಾತಾಡಿ ಹೋಗುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಸಂಜೆ ಗ್ರೂಪಿನಲ್ಲಿ ಬಂದವರ ಮೇಲೆಯೇ ಮೀಮ್. ಕಾಳಜಿ ಅನ್ನುವುದನ್ನು ಕ್ಲಾಸಿನಲ್ಲಿ ಕಲಿಸಲು ಆಗುತ್ತದೆಯೇ?

ಉತ್ತರ: ಮೀಮ್ ಚೆನ್ನಾಗಿತ್ತಾ ಮೇಷ್ಟ್ರೇ?

ಆಗುತ್ತದೆ, ಆದರೆ ಒಂದು ಗಂಟೆಯಲ್ಲಿ ಅಲ್ಲ. ಜರ್ಮನಿಯಲ್ಲಿ ‘ಮೀಡಿಯನ್‌ಹೆಲ್ಡನ್’, ಅಂದರೆ ಮಾಧ್ಯಮ ವೀರರು, ಅಂತ ಒಂದು ಪಾಠಕ್ರಮ ಇದೆ. 11ರಿಂದ 17 ವರ್ಷದ 722 ಮಕ್ಕಳ ಮೇಲೆ ಅದನ್ನು ಎರಡು ಥರ ಮಾಡಿ ನೋಡಿದರು, ಒಂದು ಕಡೆ 10 ವಾರ, ಇನ್ನೊಂದು ಕಡೆ ಒಂದೇ ದಿನ. ಇನ್ನೊಬ್ಬರ ನೋವು ತಾಕುವುದು ಹೆಚ್ಚಾಗಿದ್ದು, ಕಾಡುವುದು ಕಡಿಮೆಯಾಗಿದ್ದು 10 ವಾರದ ಮಕ್ಕಳಲ್ಲಿ. ಏನೂ ಪಾಠ ಮಾಡದೆ ಬಿಟ್ಟ ಕ್ಲಾಸುಗಳಲ್ಲಿ ಕಾಲ ಕಳೆದಂತೆ ಕಾಡುವುದು ಹೆಚ್ಚೇ ಆಗಿತ್ತು. ಫಿನ್‌ಲೆಂಡಿನ ‘ಕಿವಾ’ ಅನ್ನುವ ಕಾರ್ಯಕ್ರಮದ ದಾರಿ ಬೇರೆ, 2009ರಿಂದ ದೇಶದ ಬಹುಪಾಲು ಶಾಲೆಗಳಿಗೆ ಹಬ್ಬಿತು. ಅದರ ಹಿಂದಿರುವ ಕ್ರಿಸ್ಟಿನಾ ಸಲ್ಮಿವಲ್ಲಿ ಅವರ ವಾದ ಏನೆಂದರೆ, ಕಾಡುವವನ ಹಿಂದೆ ಬೀಳುವುದಕ್ಕಿಂತ ಸುತ್ತ ನಿಂತು ನಗುವವರನ್ನು ಹಿಡಿಯಿರಿ. ಪ್ರೇಕ್ಷಕರಿಲ್ಲದಿದ್ದರೆ ನಾಟಕ ಎಷ್ಟು ದಿನ ನಡೆದೀತು?

ಅಮೆರಿಕದಲ್ಲಿ ತ್ರಿಶಾ ಪ್ರಭು ಅನ್ನುವ ಹುಡುಗಿ ಇದ್ದಳು, ಇನ್ನೂ ಸ್ಕೂಲಿನಲ್ಲಿದ್ದವಳು. ಆನ್‌ಲೈನ್ ಕಾಟದಿಂದ ನೊಂದ ಬಾಲಕಿಯೊಬ್ಬಳ ಸುದ್ದಿ ಓದಿ ತಾನೇ ಒಂದು ಉಪಾಯ ಮಾಡಿದಳು. ಕೆಟ್ಟ ಮಾತು ಟೈಪ್ ಮಾಡಿ ಕಳಿಸುವ ಮುಂಚೆ ‘ಇದರಿಂದ ಅವರಿಗೆ ನೋವಾಗಬಹುದು, ಕಳಿಸಲೇ?’ ಅಂತ ಪರದೆಯ ಮೇಲೆ ಕೇಳುವುದು, ಅಷ್ಟೇ. 2014ರ ಗೂಗಲ್ ವಿಜ್ಞಾನ ಮೇಳದ ಅಂತಿಮ ಸುತ್ತಿಗೆ ಹೋಯಿತು ಆ ಪ್ರಯೋಗ. ಅವಳ ಪರೀಕ್ಷೆಯಲ್ಲಿ ಹಾಗೆ ಕೇಳಿದಾಗ 93 ಶೇಕಡಾ ಸಲ ಮಕ್ಕಳು ಮನಸ್ಸು ಬದಲಿಸಿದರು. ಶಾಲಾ ಹುಡುಗಿಯ ಪ್ರಯೋಗ, ಆ ಅಂಕಿಯನ್ನು ತಲೆಮೇಲೆ ಹೊತ್ತುಕೊಂಡು ತಿರುಗಬೇಕಿಲ್ಲ. ನನಗೆ ಮುಖ್ಯ ಅನ್ನಿಸಿದ್ದು ಬೇರೆ. ಅವಳು ಯಾರಿಗೂ ಹೊಸದಾಗಿ ಕರುಣೆ ತುಂಬಲಿಲ್ಲ. ಎರಡು ಸೆಕೆಂಡ್ ತಡೆದಳು. ಇರುವ ಕರುಣೆಗೆ ಬಂದು ತಲುಪಲು ಅಷ್ಟು ಹೊತ್ತು ಬೇಕಿತ್ತು.

ನಿಮ್ಮ ಹತ್ತಿರ ಆ್ಯಪೂ ಇಲ್ಲ, 10 ವಾರವೂ ಇಲ್ಲ, ಪೋರ್ಷನ್ ಮುಗಿಸಬೇಕು. ಕನ್ನಡ ಮೇಷ್ಟ್ರಾದ್ದರಿಂದ ಒಂದು ಅನುಕೂಲ ಇದೆ, ಪತ್ರಲೇಖನ ನಿಮ್ಮ ಪಾಠದಲ್ಲೇ ಬರುತ್ತದೆ. ‘ಗ್ರೂಪಿನಲ್ಲಿ ನನ್ನ ಬಗ್ಗೆ ಒಂದು ಮೀಮ್ ಬಂತು’ ಅಂತ ಶುರುವಾಗುವ ಪತ್ರ ಬರೆಯಲು ಹೇಳಿ, ಅಣ್ಣನಿಗೋ ಅಕ್ಕನಿಗೋ. ಹೆಸರು ಹಾಕಬಾರದು. ನಿಜವೋ ಕಲ್ಪನೆಯೋ ಅಂತ ನೀವು ಕೇಳಬಾರದು. ಮನೆಗೆ ತೆಗೆದುಕೊಂಡು ಹೋಗಿ ಓದಿ. ಬೇರೆ ಸೆಕ್ಷನ್‌ನ ಪತ್ರಗಳಲ್ಲಿ ಯಾರು ಬರೆದದ್ದು ಅಂತ ಗೊತ್ತಾಗದಂಥ ಎರಡನ್ನು ಆರಿಸಿ ಇಲ್ಲಿ ಗಟ್ಟಿಯಾಗಿ ಓದಿ ಹೇಳಿ, ಏನೂ ವಿವರಣೆ ಕೊಡದೆ ಮುಂದಿನ ಪಾಠಕ್ಕೆ ಹೋಗಿ. ತಿಂಗಳಿಗೊಮ್ಮೆ ಮಾಡಿ. ಒಂದು ಎಚ್ಚರ: ನಿಜವಾಗಿಯೂ ನರಳುತ್ತಿರುವ ಮಗುವಿನ ಪತ್ರ ಸಿಗಬಹುದು. ಅಕ್ಷರ ನಿಮಗೆ ಗೊತ್ತಿರುತ್ತದೆ. ಆ ಮಗುವನ್ನು ಕ್ಲಾಸಿನ ಮುಂದೆ ಕರೆಯಬೇಡಿ, ಡಸ್ಟರ್ ತರಲು ಕಳಿಸುವ ನೆಪದಲ್ಲಿ ಹೊರಗೆ ಮಾತಾಡಿಸಿ.

ಇದನ್ನೆಲ್ಲ ಬರೆದು ಮುಗಿಸಿ ಅಚ್ಚಿಗೆ ಕಳಿಸುವ ಹೊತ್ತಿಗೆ ಮೊದಲ ಪತ್ರದ ತಾಯಿಯಿಂದ ಮೆಸೇಜು ಬಂತು. ಅವರಿಗೆ ಮೊದಲೇ ಬೇರೆಯಾಗಿ ಉತ್ತರ ಕಳಿಸಿದ್ದೆ. ಆ ಹುಡುಗನ ಮನೆಯವರು ಮೂರನೇ ಸಲ ಕೇಳಿದಾಗ ಬನ್ನಿ ಅಂದರಂತೆ. ಇಬ್ಬರೂ ಹುಡುಗರು ಹತ್ತು ನಿಮಿಷ ನೆಲ ನೋಡುತ್ತಾ ಕೂತಿದ್ದರಂತೆ, ದೊಡ್ಡವರು ಟೀ ಕುಡಿಯುತ್ತಿದ್ದರಂತೆ. ಆಮೇಲೆ ಆ ಹುಡುಗನೇ “ಯಾವ ಆ್ಯಪಲ್ಲಿ ಮಾಡಿದ್ದು?” ಅಂತ ಕೇಳಿದನಂತೆ. ಸೋಮವಾರದಿಂದ ಸ್ಕೂಲಿಗೆ ಬರುತ್ತಿದ್ದಾನೆ. ಹನ್ನೊಂದರಲ್ಲಿ ಎರಡು ಸ್ಟಿಕರ್ ಮಾತ್ರ ಪಕ್ಕದೂರಿನ ಯಾವುದೋ ಟ್ಯೂಷನ್ ಗ್ರೂಪಿನಲ್ಲಿ ಇನ್ನೂ ಓಡಾಡುತ್ತಿವೆಯಂತೆ, ಇವನು ಅಲ್ಲಿಯ ಒಬ್ಬೊಬ್ಬರ ನಂಬರ್ ಹುಡುಕಿ ಫೋನ್ ಮಾಡುತ್ತಿದ್ದಾನೆ.